"ಅದಲ್ಲ, ನಿಜಕ್ಕೂ ಎಲ್ಲಿಯವರು?"

ಮೊದಲು ಮಾತುಕತೆ ಓದಿಬಿಡಿ. ಯಾರು, ಎಲ್ಲಿ ಅನ್ನೋದು ಆಮೇಲೆ.

— ಎಲ್ಲಿಂದ ಬಂದಿದ್ದೀರಿ?
— ಸಿಸ್ಟಾ ಸ್ಪೇಸ್‌ನಿಂದ.
— ಅದಲ್ಲ, ನೀವು ಎಲ್ಲಿಯವರು?
— ನಮ್ಮ ಕಚೇರಿ ಹ್ಯಾಕ್ನಿಯಲ್ಲಿದೆ.
— ಅದಲ್ಲ, ಆಫ್ರಿಕಾದಲ್ಲಿ ಯಾವ ಕಡೆಯವರು ನೀವು?
— ಗೊತ್ತಿಲ್ಲ. ಅವರು ದಾಖಲೆ ಏನೂ ಬಿಟ್ಟುಹೋಗಲಿಲ್ಲ.
— ಎಲ್ಲಿಯವರು ಅಂತ ನಿಮಗೆ ಗೊತ್ತಿರಲೇಬೇಕಲ್ಲ. ನಾನು ಫ್ರಾನ್ಸಿನಲ್ಲಿ ಇದ್ದು ಬಂದವಳು. ನೀವು ಎಲ್ಲಿಯವರು?
— ಇಲ್ಲಿಯವಳೇ. ಬ್ರಿಟನ್.
— ಅದಲ್ಲ, ಯಾವ ದೇಶದ ಪ್ರಜೆ ನೀವು?
— ಹುಟ್ಟಿದ್ದು ಇಲ್ಲೇ. ಬ್ರಿಟಿಷ್ ಪ್ರಜೆ.
— ಅದಲ್ಲ, ನಿಜಕ್ಕೂ ಎಲ್ಲಿಯವರು? ನಿಮ್ಮ ಜನ ಎಲ್ಲಿಂದ ಬಂದವರು?
— 'ನನ್ನ ಜನ' ಅಂದ್ರೆ? ಏನಿದು ಮೇಡಂ?
— ನಿಮ್ಮ ಬಾಯಿಂದ ಊರು ಹೇಳಿಸೋದು ಕಷ್ಟವೇ ಇದೆ. ಇಲ್ಲಿಗೆ ಮೊದಲು ಬಂದಿದ್ದು ಯಾವಾಗ?
— ಮೇಡಂ, ನಾನು ಬ್ರಿಟಿಷ್ ಪ್ರಜೆ. ನನ್ನ ಅಪ್ಪ ಅಮ್ಮ ಐವತ್ತರ ದಶಕದಲ್ಲಿ ಇಲ್ಲಿಗೆ ಬಂದರು...
— ಹಾಂ, ಕೊನೆಗೂ ಬಂತು ನೋಡಿ! ನೀವು ಕೆರಿಬಿಯನ್‌ನವರು!

ಇದು ನಡೆದದ್ದು 2022ರ ನವೆಂಬರ್ 29ರಂದು, ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ. ರಾಜ ಚಾರ್ಲ್ಸ್ ಅವರ ಪತ್ನಿ ಕ್ಯಾಮಿಲಾ ಒಂದು ಸತ್ಕಾರಕೂಟ ಕರೆದಿದ್ದರು. ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ಕೆಲಸ ಮಾಡುವವರನ್ನು ಗೌರವಿಸುವುದು ಉದ್ದೇಶ. ಸುಮಾರು 300 ಜನ ಅತಿಥಿಗಳು. ಉಕ್ರೇನ್ ಅಧ್ಯಕ್ಷರ ಪತ್ನಿ ಒಲೆನಾ ಝೆಲೆನ್‌ಸ್ಕಾ ಕೂಡ ಬಂದಿದ್ದರು.

ಉತ್ತರ ಕೊಟ್ಟವರು ಎನ್‌ಗೋಜಿ ಫುಲಾನಿ. ಲಂಡನ್ನಿನಲ್ಲೇ ಹುಟ್ಟಿದವರು, ತಂದೆ ತಾಯಿ ಬಾರ್ಬಡೋಸ್ ದ್ವೀಪದವರು. ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿ ಸಿಸ್ಟಾ ಸ್ಪೇಸ್ ಎಂಬ ಸಂಸ್ಥೆ ಕಟ್ಟಿದವರು. ಪ್ರಶ್ನೆ ಕೇಳಿದವರು ಲೇಡಿ ಸೂಸನ್ ಹಸ್ಸಿ, ಆಗ 83 ವರ್ಷ. 1960ರಿಂದ ರಾಣಿ ಎಲಿಜಬೆತ್ ಜೊತೆಗಿದ್ದ ಲೇಡಿ-ಇನ್-ವೇಟಿಂಗ್, ಅಂದರೆ ರಾಣಿಯ ಆಪ್ತ ಸಹಾಯಕಿ. ರಾಜಕುಮಾರ ವಿಲಿಯಂಗೆ ಗಾಡ್‌ಮದರ್. 2021ರಲ್ಲಿ ಪತಿ ಫಿಲಿಪ್ ಅವರ ಅಂತ್ಯಕ್ರಿಯೆಗೆ ರಾಣಿ ಹೊರಟಾಗ ಕಾರಿನಲ್ಲಿ ಪಕ್ಕಕ್ಕೆ ಕೂತಿದ್ದವರು ಇವರೇ. ಅಂದರೆ ಅರಮನೆಯ ಶಿಷ್ಟಾಚಾರ ಅರೆದು ಕುಡಿದವರು. ಅದಕ್ಕೇ ಈ ಪ್ರಕರಣ ನನಗೆ ಕುತೂಹಲ ಹುಟ್ಟಿಸಿದ್ದು. ಯಾರೋ ಕುಡಿದವನು ಬಸ್ಸಿನಲ್ಲಿ ಕೂಗಿದ ಮಾತಲ್ಲ ಇದು. ಅಪರಿಚಿತರ ಜೊತೆ ಹೇಗೆ ಮಾತಾಡಬೇಕು ಅನ್ನೋದನ್ನೇ ಅರವತ್ತು ವರ್ಷ ಕೆಲಸವಾಗಿ ಮಾಡಿದವರು ಎಡವಿದ್ದು.

ಮರುದಿನ ಫುಲಾನಿ ಈ ಮಾತುಕತೆಯನ್ನು ಟ್ವಿಟರ್‌ನಲ್ಲಿ ಹಾಕಿದರು. ಹೆಸರು ಪೂರ್ತಿ ಬರೆಯದೆ 'ಲೇಡಿ ಎಸ್‌ಎಚ್' ಅಂತಷ್ಟೇ ಬರೆದರು. ಮೇಲಿನದು ಅವರು ಬರೆದದ್ದರ ಕನ್ನಡ ರೂಪ. ಪಕ್ಕದಲ್ಲೇ ನಿಂತಿದ್ದ ವಿಮೆನ್ಸ್ ಈಕ್ವಾಲಿಟಿ ಪಾರ್ಟಿಯ ಆಗಿನ ನಾಯಕಿ ಮಾಂಡು ರೀಡ್ 'ಹೌದು, ಹೀಗೇ ನಡೆಯಿತು' ಅಂದರು. ಅರಮನೆ ಅದೇ ದಿನ ಹೇಳಿಕೆ ಕೊಟ್ಟಿತು. ಆಡಿದ ಮಾತು ಒಪ್ಪತಕ್ಕದ್ದಲ್ಲ, ತೀರಾ ವಿಷಾದದ ಸಂಗತಿ, ಸಂಬಂಧಪಟ್ಟವರು ಕ್ಷಮೆ ಕೇಳಿ ಹುದ್ದೆಯಿಂದ ಇಳಿದಿದ್ದಾರೆ ಅಂತ. ವಿಲಿಯಂ ದಂಪತಿ ಅಂದು ತಾನೇ ಅಮೆರಿಕದ ಬಾಸ್ಟನ್‌ಗೆ ಹೊರಟಿದ್ದರು. ಅವರ ವಕ್ತಾರರೂ 'ನಮ್ಮ ಸಮಾಜದಲ್ಲಿ ವರ್ಣಭೇದಕ್ಕೆ ಜಾಗವಿಲ್ಲ' ಅನ್ನಬೇಕಾಗಿ ಬಂತು.

ಇಷ್ಟು ಘಟನೆ. ಈಗ ತಪ್ಪಾದದ್ದು ಎಲ್ಲಿ?

'ಎಲ್ಲಿಂದ ಬಂದಿದ್ದೀರಿ?' ಅಂತ ಕೇಳಿದ್ದೇ ತಪ್ಪು ಅಂತ ಆಗ ಬಹಳ ಜನ ಬರೆದರು. ನನಗೆ ಹಾಗನ್ನಿಸುವುದಿಲ್ಲ. ಮುನ್ನೂರು ಜನ ಬೇರೆ ಬೇರೆ ಸಂಸ್ಥೆಗಳಿಂದ ಬಂದು ಸೇರಿರುವ ಸಭೆ. ಎದೆ ಮೇಲೆ ಬ್ಯಾಡ್ಜ್. ಅಲ್ಲಿ 'ಎಲ್ಲಿಂದ?' ಅಂದರೆ ಯಾವ ಸಂಸ್ಥೆಯಿಂದ ಅಂತಲೇ ಯಾರಾದರೂ ಅಂದುಕೊಳ್ಳುವುದು. ಫುಲಾನಿಯೂ ಹಾಗೇ ಅಂದುಕೊಂಡು ಸಂಸ್ಥೆಯ ಹೆಸರು ಹೇಳಿದರು. ಅಲ್ಲಿಗೆ ನಿಂತಿದ್ದರೆ ಇದು ಪ್ರಕರಣವೇ ಆಗುತ್ತಿರಲಿಲ್ಲ.

ನಿಲ್ಲಲಿಲ್ಲ. ಲೆಕ್ಕ ಹಾಕಿದರೆ ಏಳು ಪ್ರಶ್ನೆಗಳಾದವು. ಸಂಸ್ಥೆ ಹೇಳಿದರೆ ಸಾಲದು, ಬಡಾವಣೆ ಹೇಳಿದರೆ ಸಾಲದು, ದೇಶ ಹೇಳಿದರೆ ಸಾಲದು, ಹುಟ್ಟಿದ್ದು ಇಲ್ಲೇ ಅಂದರೂ ಸಾಲದು. ಪ್ರತಿ ಉತ್ತರಕ್ಕೂ ಒಂದು 'ಅದಲ್ಲ'. ಈ 'ಅದಲ್ಲ' ಇದೆಯಲ್ಲ, ಅದೇ ನೋವು ಕೊಡುವುದು. ನಿನ್ನ ಬಗ್ಗೆ ನಿನಗಿಂತ ನನಗೆ ಜಾಸ್ತಿ ಗೊತ್ತು, ನಾನು ಅಂದುಕೊಂಡಿರುವ ಉತ್ತರ ನಿನ್ನ ಬಾಯಿಂದ ಬರುವವರೆಗೆ ನಿನ್ನನ್ನು ಬಿಡುವುದಿಲ್ಲ ಅಂತ ಅದರ ಅರ್ಥ. ಕೊನೆಯ ಸಾಲು ನೋಡಿ. 'ಕೊನೆಗೂ ಬಂತು ನೋಡಿ!' ಗೆದ್ದವರ ಮಾತು ಅದು. ಒಗಟು ಬಿಡಿಸಿದ ಖುಷಿ. ಎದುರಿಗಿರುವ ಹೆಂಗಸು ಆ ಒಗಟು.

ಇನ್ನೊಂದು ಸಣ್ಣ ವಿಷಯ ಎಷ್ಟೋ ಜನರ ಕಣ್ಣಿಗೆ ಬೀಳಲಿಲ್ಲ. ಮಾತು ಶುರುವಾಗುವ ಮೊದಲೇ ಲೇಡಿ ಹಸ್ಸಿ ಬ್ಯಾಡ್ಜ್ ಓದುವುದಕ್ಕೆ ಅಂತ ಫುಲಾನಿಯ ಕೂದಲನ್ನು ಕೈಯಿಂದ ಸರಿಸಿದ್ದರು. ಗುರುತು ಪರಿಚಯವಿಲ್ಲದವರ ಕೂದಲು! 'ನಿಮ್ಮ ಹೆಸರೇನು?' ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಪ್ರಕಾರ ಏಳು ಪ್ರಶ್ನೆಗಳ ಧಾಟಿ ಆ ಕೈಯಲ್ಲೇ ತೀರ್ಮಾನವಾಗಿತ್ತು.

ಈಗ ಲೇಡಿ ಹಸ್ಸಿ ಪರವಾಗಿ ಬಂದ ಮಾತುಗಳನ್ನೂ ಕೇಳಬೇಕು. ವಯಸ್ಸಾದವರು, ಹಳೇ ಕಾಲದವರು, ಸುಮ್ನೆ ಕುತೂಹಲಕ್ಕೆ ಕೇಳಿದರು ಅನ್ನೋದು ಒಂದು. ಇದನ್ನು ನಾನು ಅರ್ಧ ಒಪ್ಪುತ್ತೇನೆ. ಕೆಟ್ಟ ಉದ್ದೇಶ ಇರಲಿಲ್ಲ ಅಂತ ಕೊನೆಗೆ ಫುಲಾನಿಯೇ ಒಪ್ಪಿದರು. ಆದರೆ ಕುತೂಹಲ ಅಂದರೆ ಗೊತ್ತಿಲ್ಲದ್ದನ್ನು ತಿಳಿಯುವ ಆಸೆ. ಇಲ್ಲಿ ಕೇಳಿದವರಿಗೆ ಉತ್ತರದ ಮೇಲೆ ನಂಬಿಕೆಯೇ ಇರಲಿಲ್ಲ.

ಎರಡನೆಯದು ಸ್ವಲ್ಪ ಗಟ್ಟಿ ವಾದ. ಫುಲಾನಿ ಅಂದು ಆಫ್ರಿಕಾದ ಶೈಲಿಯ ಉಡುಪು ತೊಟ್ಟಿದ್ದರು. ಇಟ್ಟುಕೊಂಡಿರುವ ಹೆಸರೂ ಆಫ್ರಿಕಾದ್ದೇ. ಎನ್‌ಗೋಜಿ ನೈಜೀರಿಯಾದ ಇಗ್ಬೊ ಜನರ ಹೆಸರು, ಫುಲಾನಿ ಪಶ್ಚಿಮ ಆಫ್ರಿಕಾದ ಒಂದು ದೊಡ್ಡ ಜನಾಂಗ. ಹೀಗೆಲ್ಲ ಬಂದು ನಿಂತರೆ ಆಫ್ರಿಕಾದಲ್ಲಿ ಎಲ್ಲಿ ಅಂತ ಕೇಳದೆ ಇರುತ್ತಾರಾ ಅಂತ. ಅವರ ಹುಟ್ಟಿದ ಹೆಸರು ಮಾರ್ಲಿನ್ ಹೆಡ್ಲಿ ಅನ್ನುವುದನ್ನು ಹುಡುಕಿ ತೆಗೆದು 'ನೋಡಿ, ಹೆಸರೇ ಸುಳ್ಳು' ಅಂತ ಆಡಿಕೊಂಡವರೂ ಇದ್ದರು.

ಉಡುಪಿನ ಮಾತು ಮೊದಲು. ಮದುವೆ ಮನೆಯಲ್ಲಿ ಒಬ್ಬರು ಇಳಕಲ್ ಸೀರೆ ಉಟ್ಟು ಬಂದಿದ್ದಾರೆ ಅಂದುಕೊಳ್ಳಿ. 'ಇಳಕಲ್ ಅಲ್ವಾ? ಸೆರಗು ಎಷ್ಟು ಚೆನ್ನಾಗಿದೆ' ಅಂದರೆ ಅವರು ಮುಖ ಅರಳಿಸಿಕೊಂಡು ಹತ್ತು ಮಾತಾಡುತ್ತಾರೆ. ನಮ್ಮ ಊರೇ ಅದು ಅನ್ನಬಹುದು. ಅತ್ತೆ ಕೊಡಿಸಿದ್ದು ಅನ್ನಬಹುದು. ಮೈಸೂರಲ್ಲೇ ತಗೊಂಡೆ ಅನ್ನಬಹುದು. ಸೀರೆ ನೋಡಿದ ಕೂಡಲೇ 'ಬಾಗಲಕೋಟೆ ಕಡೆಯವರು ತಾನೇ? ಅಲ್ವಾ? ಹಾಗಾದ್ರೆ ನಿಮ್ಮ ತಾಯಿ ಎಲ್ಲಿಯವರು?' ಅಂತ ಹಿಡಿದುಕೊಂಡರೆ ಆಯಮ್ಮ ಐಸ್‌ಕ್ರೀಮ್ ನೆಪ ಹೇಳಿ ಎದ್ದುಹೋಗುತ್ತಾರೆ. ಬಟ್ಟೆಯ ಬಗ್ಗೆ ಕುತೂಹಲ ಇದ್ದರೆ ಬಟ್ಟೆಯ ಬಗ್ಗೆ ಕೇಳಬಹುದಿತ್ತು.

ಹೆಸರಿನ ಮಾತಿಗೆ ಬಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಪ್ರಕರಣದ ಹೊಟ್ಟೆ ಇರುವುದೇ ಅಲ್ಲಿ.

ಬಾರ್ಬಡೋಸ್‌ಗೆ ಇಂಗ್ಲಿಷರು ಹೋಗಿ ನೆಲೆಸಿದ್ದು 1627ರಲ್ಲಿ. ಕಬ್ಬಿನ ತೋಟ ಮಾಡಿದರು. ದುಡಿಯಲು ಆಫ್ರಿಕಾದಿಂದ ಜನರನ್ನು ಹಡಗಿನಲ್ಲಿ ಹೊತ್ತು ತಂದರು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದು ಮಾಡುವ ಕಾಯ್ದೆ ಬಂದದ್ದು 1833ರಲ್ಲಿ. ಅಷ್ಟು ಕಾಲ ಅವರ ಲೆಕ್ಕ ಬರೆದವರು ತೋಟದ ಮಾಲೀಕರು, ಹಡಗಿನವರು. ದನಕರುವಿನ ಹಾಗೆ ವಯಸ್ಸು, ಬೆಲೆ, ಮಾಲೀಕರು ಇಟ್ಟ ಹೆಸರು. ಯಾವ ಊರಿನವಳು, ಯಾರ ಮಗಳು, ಯಾವ ಭಾಷೆ ಆಡುತ್ತಿದ್ದಳು ಅಂತ ಬರೆದಿಡುವ ಗರಜು ಯಾರಿಗೂ ಇರಲಿಲ್ಲ. ಅದಕ್ಕೇ ಫುಲಾನಿಯ ಆ ಒಂದು ಉತ್ತರ: 'ಗೊತ್ತಿಲ್ಲ. ಅವರು ದಾಖಲೆ ಏನೂ ಬಿಟ್ಟುಹೋಗಲಿಲ್ಲ.' ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಒಂದು ಕ್ಷಣ ಸುಮ್ಮನಾಗುತ್ತಿದ್ದರು. 'ಗೊತ್ತಿರಲೇಬೇಕಲ್ಲ' ಅನ್ನುತ್ತಿರಲಿಲ್ಲ. ದಾಖಲೆ ಬರೆಯದವರ ಅರಮನೆಯಲ್ಲಿ ನಿಂತು ದಾಖಲೆ ಕೇಳಿದಂತಾಯಿತು.

ಇದನ್ನು ತಿಳಿದು ನೋಡಿದರೆ ಹೆಡ್ಲಿ ಅನ್ನುವುದು ಒಂದು ಇಂಗ್ಲಿಷ್ ಮನೆತನದ ಹೆಸರು. ಕೆರಿಬಿಯನ್ ಜನರಿಗೆ ಇಂಥ ಹೆಸರುಗಳು ಗುಲಾಮಗಿರಿಯ ಕಾಲದಲ್ಲೇ ಅಂಟಿದ್ದು. ಅದನ್ನು ಬಿಟ್ಟು ಆಫ್ರಿಕಾದ ಹೆಸರು ಇಟ್ಟುಕೊಳ್ಳುವುದು ವೇಷ ಹಾಕಿದ ಹಾಗಲ್ಲ. ಲೇಡಿ ಹಸ್ಸಿ ಕೇಳಿದ ಪ್ರಶ್ನೆಯನ್ನು ಆ ಹೆಂಗಸು ಎಷ್ಟೋ ವರ್ಷ ಮೊದಲೇ ತನಗೆ ತಾನೇ ಕೇಳಿಕೊಂಡಿದ್ದರು, ಅಷ್ಟೇ. ಸಿಕ್ಕ ಉತ್ತರ ಬ್ಯಾಡ್ಜ್ ಮೇಲೆ ಇತ್ತು.

'ಇಲ್ಲಿಗೆ ಬಂದಿದ್ದು ಯಾವಾಗ?' ಅನ್ನುವುದಕ್ಕೂ ಹೀಗೇ ಒಂದು ಹಿಂದಿನ ಕಥೆ ಇದೆ. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ನಿಗೆ ಕೈಗಳು ಬೇಕಿತ್ತು. 1948ರ ಪೌರತ್ವ ಕಾಯ್ದೆ ವಸಾಹತುಗಳ ಜನರನ್ನೂ ಬ್ರಿಟನ್ನಿನ ಪ್ರಜೆಗಳೆಂದೇ ಕರೆಯಿತು. ಅದೇ ವರ್ಷ ಜೂನ್ 22ರಂದು ಕೆರಿಬಿಯನ್‌ನಿಂದ ಹೊರಟ ಜನ ಎಂಪೈರ್ ವಿಂಡ್‌ರಶ್ ಹಡಗಿನಿಂದ ಲಂಡನ್ ಬಳಿಯ ಟಿಲ್‌ಬರಿ ಬಂದರಿನಲ್ಲಿ ಇಳಿದರು. 1956ರಲ್ಲಿ ಲಂಡನ್ ಟ್ರಾನ್ಸ್‌ಪೋರ್ಟ್ ಬಾರ್ಬಡೋಸ್‌ಗೇ ಹೋಗಿ ಬಸ್ಸು, ರೈಲಿನ ಕೆಲಸಕ್ಕೆ ಜನರನ್ನು ಆರಿಸಿ ತಂದಿತು. ಅಂದರೆ ಫುಲಾನಿಯ ಅಪ್ಪ ಅಮ್ಮನ ತಲೆಮಾರು ಬಂದದ್ದು ಪ್ರಜೆಗಳಾಗಿಯೇ, ಎಷ್ಟೋ ಜನ ಕರೆಸಿಕೊಂಡೇ. ಮುಂದೆ ಅದೇ ಜನರಿಗೆ, ಚಿಕ್ಕವರಿದ್ದಾಗ ಅವರ ಜೊತೆ ಬಂದ ಮಕ್ಕಳಿಗೆ 'ನೀವು ಇಲ್ಲಿಯವರು ಅನ್ನುವುದಕ್ಕೆ ಕಾಗದ ತೋರಿಸಿ' ಅಂದದ್ದು, ತೋರಿಸಲಾಗದವರು ಕೆಲಸ ಕಳೆದುಕೊಂಡದ್ದು, ಕೆಲವರನ್ನು ದೇಶದಿಂದಲೇ ಹೊರಗೆ ಹಾಕಿದ್ದು 2018ರಲ್ಲಿ ದೊಡ್ಡ ಹಗರಣವಾಗಿ ಹೊರಬಂತು. ಅವರು ಬಂದಿಳಿದಾಗಿನ ಚೀಟಿಗಳನ್ನು 2010ರಲ್ಲಿ ನಾಶ ಮಾಡಿದ್ದು ಗೃಹ ಇಲಾಖೆಯೇ. ಮತ್ತೆ ಅದೇ ಕಥೆ ನೋಡಿ, ದಾಖಲೆ ಕೇಳುವವರು, ಇಲ್ಲವಾಗಿಸಿದವರು ಎರಡೂ ಒಬ್ಬರೇ. ಈ ನೆನಪು ಇನ್ನೂ ಹಸಿಯಾಗಿರುವಾಗ 'ಮೊದಲು ಬಂದಿದ್ದು ಯಾವಾಗ?' ಅನ್ನುವುದು ಔತಣಕೂಟದ ಹರಟೆಯಾಗಿ ಕೇಳಿಸುವುದಿಲ್ಲ. ಇಮಿಗ್ರೇಷನ್ ಕೌಂಟರ್ ನೆನಪಾಗುತ್ತದೆ.

ಒಂದು ಕಾಕತಾಳೀಯ ಹೇಳದೆ ಇರಲಾರೆ. ಫುಲಾನಿ ಟ್ವೀಟ್ ಮಾಡಿದ್ದು 2022ರ ನವೆಂಬರ್ 30. ಸರಿಯಾಗಿ ಒಂದು ವರ್ಷ ಹಿಂದೆ, 2021ರ ನವೆಂಬರ್ 30ರಂದು, ಬಾರ್ಬಡೋಸ್ ಬ್ರಿಟನ್ನಿನ ರಾಣಿಯನ್ನು ತನ್ನ ಮುಖ್ಯಸ್ಥ ಸ್ಥಾನದಿಂದ ಇಳಿಸಿ ಗಣರಾಜ್ಯವಾಗಿತ್ತು. ಆ ಸಮಾರಂಭಕ್ಕೆ ಹೋಗಿ ಗುಲಾಮಗಿರಿ ಘೋರ ಕೃತ್ಯವಾಗಿತ್ತು ಅಂತ ಹೇಳಿ ಬಂದವರು ಆಗ ಯುವರಾಜರಾಗಿದ್ದ ಚಾರ್ಲ್ಸ್.

ಈಗ ನಮ್ಮ ಕಡೆ. ಬ್ರಿಟಿಷ್ ಮುದುಕಿಯನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಆ ಆರನೇ ಪ್ರಶ್ನೆಯನ್ನು ಕನ್ನಡಕ್ಕೆ ತರುವಾಗ ನನಗೇ ಮುಜುಗರವಾಯಿತು. 'ನಿಮ್ಮ ಜನ.' ನಮ್ಮ ಮೈಸೂರು, ಮಂಡ್ಯ ಕಡೆ 'ಯಾವ ಜನ ನೀವು?' ಅಂದರೆ ಏನರ್ಥ ಅಂತ ಬಿಡಿಸಿ ಹೇಳಬೇಕೇ? ಹುಬ್ಬಳ್ಳಿ ಕಡೆ ಅದು 'ಯಾವ ಮಂದಿ?' ಆಗುತ್ತದೆ. ಕರಾವಳಿಯಲ್ಲಿ 'ಯಾರ ಪೈಕಿ?' ಜಾತಿ ಅನ್ನುವ ಪದ ಬಾಯಿಗೆ ಬರುವುದೇ ಇಲ್ಲ. ಬರಬಾರದು, ಅದೇ ನಮ್ಮ ಶಿಷ್ಟಾಚಾರ.

ನಮ್ಮಮ್ಮ ಮೈಸೂರಲ್ಲಿ ರೈಲು ಹತ್ತಿದರೆ ಮಂಡ್ಯ ಬರುವಷ್ಟರಲ್ಲಿ ಎದುರು ಸೀಟಿನವರ ಊರು, ಮಕ್ಕಳ ಓದು, ಮೊಣಕಾಲು ನೋವು ಎಲ್ಲ ತಿಳಿದುಕೊಂಡಿರುತ್ತಾರೆ. ಹೆಚ್ಚಿನ ಪಾಲು ಅದು ಶುದ್ಧ ಪ್ರೀತಿ. 'ಯಾವೂರಾಯ್ತವ್ವಾ?' ಅಂತ ಕೇಳದಿದ್ದರೇ ಅವರ ಲೆಕ್ಕದಲ್ಲಿ ಮರ್ಯಾದೆ ಇಲ್ಲ. ಆದರೆ ಅದೇ ಸಾಲಿನಲ್ಲಿ ಒಂದೊಂದು ಸಲ ಇನ್ನೊಂದು ಏಣಿ ಶುರುವಾಗುತ್ತದೆ. ಹೆಸರು. ಪೂರ್ತಿ ಹೆಸರು. ಊರು. ಊರಲ್ಲಿ ಯಾವ ಬೀದಿ. ಮನೆದೇವರು ಯಾವುದು. ಮನೇಲಿ ನಾನ್‌ವೆಜ್ ಮಾಡ್ತೀರಾ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಏಣಿಯ ಪ್ರತಿ ಮೆಟ್ಟಿಲೂ ಗೊತ್ತು. ಪ್ರತಿ ಉತ್ತರಕ್ಕೂ ಒಂದು 'ಅದ್ ಸರಿ, ಆದ್ರೆ...' ಇರುತ್ತದೆ. ಹತ್ತು ವರ್ಷದ ಹಿಂದೆ ನಾನೂ ಒಬ್ಬ ಓನರ್ ಮುಂದೆ ಈ ಏಣಿ ಹತ್ತಿದ್ದೇನೆ. ಮನೆದೇವರ ಹೆಸರು ಹೇಳಿದ ಮೇಲೆ ಅವರ ಮುಖ ಸಡಿಲವಾಯಿತು. ಆಗ ನನಗೆ ಸಮಾಧಾನವೇ ಆಯಿತು, ನಾಚಿಕೆ ಬಂದದ್ದು ತಡವಾಗಿ. ಮನೆ ಸಿಕ್ಕಿತು. ನನಗಿಂತ ಮೊದಲು ಬಂದು ಹೋದವರಿಗೆ ಯಾಕೆ ಸಿಗಲಿಲ್ಲ ಅಂತ ನಾನು ಕೇಳಲಿಲ್ಲ.

ಇನ್ನು ಫುಲಾನಿಯ ಪ್ರಕರಣಕ್ಕೆ ತೀರಾ ಹತ್ತಿರದ ರೂಪ ಬೇಕೆಂದರೆ ಉತ್ತರ ಕನ್ನಡಕ್ಕೆ ಹೋಗಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ಬಂದವರ ವಂಶ. ತಪ್ಪಿಸಿಕೊಂಡವರು ಸಹ್ಯಾದ್ರಿಯ ಕಾಡು ಸೇರಿದರು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಮಾತು ಕೊಂಕಣಿ, ಕನ್ನಡ, ಮರಾಠಿ, ಉರ್ದು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟಾದರೂ ಬೆಂಗಳೂರಿಗೆ ಬಂದ ಸಿದ್ದಿ ಹುಡುಗನನ್ನು ಆಟೋದವರು, ಅಂಗಡಿಯವರು ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ, ಯಾವ ದೇಶ ಅಂತ ಕೇಳುತ್ತಾರೆ. ಯಲ್ಲಾಪುರ ಅಂತ ಅಚ್ಚ ಕನ್ನಡದಲ್ಲಿ ಉತ್ತರ ಬಂದಾಗ ಬೆರಗಾಗುವುದರಲ್ಲಿ ತಪ್ಪಿಲ್ಲ. ಮನುಷ್ಯನಿಗೆ ಬೆರಗು ಸಹಜ. ಆಮೇಲೆ 'ಓ, ಯಲ್ಲಾಪುರಾನಾ? ಮಳೆ ಹೇಗಿದೆ ಈ ಸಲ?' ಅಂತೀವೋ, 'ಅದಲ್ಲಪ್ಪಾ, ಒರಿಜಿನಲ್ ಎಲ್ಲಿಯವರು?' ಅಂತೀವೋ, ಅಷ್ಟರಲ್ಲೇ ಇದೆ ವ್ಯತ್ಯಾಸ. ಮಣಿಪುರ, ಮಿಜೋರಾಂ ಕಡೆಯವರಿಗೂ ನಮ್ಮೂರಲ್ಲಿ ಈ 'ಅದಲ್ಲ' ಚೆನ್ನಾಗಿಯೇ ಪರಿಚಯ.

ಹಾಗಾದರೆ ಯಾರ ಮೂಲವನ್ನೂ ಕೇಳಲೇಬಾರದಾ? ಹಾಗೇನಿಲ್ಲ. ಪರಿಚಯ ಬೆಳೆದ ಮೇಲೆ, ಅವರೇ ಮಾತು ತೆಗೆದಾಗ, ನಮ್ಮದನ್ನೂ ಹೇಳಿಕೊಂಡಾಗ ಇದು ಒಳ್ಳೆಯ ಮಾತೇ. ಲೇಡಿ ಹಸ್ಸಿ ಅರವತ್ತು ವರ್ಷ ಯಾರ ಪಕ್ಕ ನಿಂತಿದ್ದರೋ ಆ ರಾಣಿ ಎಲಿಜಬೆತ್ ಅಪರಿಚಿತರನ್ನು ಮಾತಾಡಿಸಲು ಬಳಸುತ್ತಿದ್ದ ಪ್ರಶ್ನೆಯೊಂದು ಬ್ರಿಟನ್ನಿನಲ್ಲಿ ಹೆಸರುವಾಸಿ: 'ದೂರದಿಂದ ಬಂದ್ರಾ?' ಅದನ್ನು ಅನುಕರಿಸಿ ನಗುವವರಿದ್ದರು. ನನಗಂತೂ ಅದು ಬಲು ಜಾಣ ಪ್ರಶ್ನೆ ಅನ್ನಿಸುತ್ತದೆ. ಉತ್ತರ ಪೂರ್ತಿ ಎದುರಿನವರ ಕೈಯಲ್ಲಿ. ಹ್ಯಾಕ್ನಿಯಿಂದ ಬಸ್ಸಿನಲ್ಲಿ ಬಂದೆ ಅನ್ನಬಹುದು. ನಮ್ಮವರು ಬಾರ್ಬಡೋಸಿನಿಂದ ಹಡಗಿನಲ್ಲಿ ಬಂದರು ಅಂತಲೂ ಅನ್ನಬಹುದು. ಕೇಳಿದವರು ತಲೆಯಾಡಿಸಿ ಮುಂದೆ ಹೋಗಬಹುದು, ಯಾರಿಗೂ ಗಾಯವಾಗುವುದಿಲ್ಲ.

ಆಮೇಲೆ ಏನಾಯಿತು ಅಂದರೆ, 2022ರ ಡಿಸೆಂಬರ್ 16ರಂದು ಇಬ್ಬರೂ ಅದೇ ಅರಮನೆಯಲ್ಲಿ ಭೇಟಿಯಾದರು. ಲೇಡಿ ಹಸ್ಸಿ ಎದುರಿಗೇ ಕ್ಷಮೆ ಕೇಳಿದರು, ಫುಲಾನಿ ಒಪ್ಪಿದರು. ಅಷ್ಟರಲ್ಲಿ ಫುಲಾನಿಗೆ ಬಂದ ಬೈಗುಳಗಳಿಗೆ ಲೆಕ್ಕವಿರಲಿಲ್ಲ. ಸಹಾಯ ಕೇಳಿ ಬರುವ ಹೆಂಗಸರ, ಕೆಲಸದವರ ಸುರಕ್ಷತೆಗೆ ಹೆದರಿ ಸಂಸ್ಥೆ ತನ್ನ ಎಷ್ಟೋ ಕೆಲಸಗಳನ್ನು ಕೆಲಕಾಲ ನಿಲ್ಲಿಸಿತು. 2023ರ ಮಾರ್ಚ್‌ನಲ್ಲಿ ಫುಲಾನಿ ಮುಖ್ಯಸ್ಥರ ಹುದ್ದೆಯಿಂದ ತಾತ್ಕಾಲಿಕವಾಗಿ ಕೆಳಗಿಳಿದರು.

ಈ ಗಲಾಟೆಯಲ್ಲಿ ಮೊದಲ ಪ್ರಶ್ನೆಗೆ ಬಂದ ಮೊದಲ ಉತ್ತರ ಮರೆತೇ ಹೋಯಿತು. 'ಸಿಸ್ಟಾ ಸ್ಪೇಸ್‌ನಿಂದ.' ಅದೇನು ಅಂತ ಲೇಡಿ ಹಸ್ಸಿ ಕೇಳಿದ್ದರೆ ಹೀಗೊಂದು ಕಥೆ ಕೇಳಿಸಿಕೊಳ್ಳುತ್ತಿದ್ದರು. ಹ್ಯಾಕ್ನಿಯಲ್ಲಿ ವ್ಯಾಲರಿ ಫೋರ್ಡ್ ಅಂತ ಒಬ್ಬರು ಇದ್ದರು. ಜೊತೆಗಿದ್ದ ಗಂಡಸು ಮನೆಗೆ ಬೆಂಕಿ ಹಾಕುತ್ತೇನೆ ಅಂತ ಬೆದರಿಸುತ್ತಿದ್ದಾನೆ, ನಾವೂ ಒಳಗಿರುತ್ತೇವೆ ಅಂತ ಪೊಲೀಸರಿಗೆ ದೂರು ಕೊಟ್ಟರು. ಪೊಲೀಸರು ಅದನ್ನು ಜೀವ ಬೆದರಿಕೆ ಅಂತ ಬರೆಯಲಿಲ್ಲ, ಆಸ್ತಿಗೆ ಬೆದರಿಕೆ ಅಂತ ಬರೆದುಕೊಂಡರು. ಕೆಲವೇ ವಾರಗಳಲ್ಲಿ, 2014ರಲ್ಲಿ, ವ್ಯಾಲರಿಯನ್ನೂ ಇನ್ನೂ ಎರಡು ವರ್ಷ ತುಂಬದ ಮಗಳು ಜಹ್ಜಾರಾಳನ್ನೂ ಅವನು ಕೊಂದ. ಆ ಸಾವಿನ ನಂತರ ಹುಟ್ಟಿದ್ದು ಸಿಸ್ಟಾ ಸ್ಪೇಸ್. ಮನೆಯೊಳಗಿನ ಹಿಂಸೆಗೆ ಸಿಕ್ಕ ಕಪ್ಪು ಹೆಂಗಸರ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲು ಪೊಲೀಸರಿಗೆ ಕಡ್ಡಾಯ ತರಬೇತಿ ಕೊಡಿ ಅಂತ ಅವರು ಅರ್ಜಿ ಹಾಕಿದರು. ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. 2022ರ ಮಾರ್ಚ್‌ನಲ್ಲಿ ಅದು ಸಂಸತ್ತಿನಲ್ಲಿ ಚರ್ಚೆಗೂ ಬಂತು. ಅರಮನೆಯಿಂದ ಫುಲಾನಿಗೆ ಕರೆ ಬಂದದ್ದು ಈ ಕೆಲಸಕ್ಕೇ.